ಐದಕ್ಕೆ ಐದು

ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುವ ನವ್ಯಾ ಫಾರಂಗಳ ಚೀಲ ಹೆಗಲಿಗೇರಿಸಿ ಕೋಟೆಯ ಬೀದಿಗೆ ಬಂದಳೆಂದರೆ ಒಂದು ಮನೆಯನ್ನೂ ಬಿಡುವವಳಲ್ಲ. ಮನಸ್ಸನ್ನು ಹಿಡಿತದಲ್ಲಿಟ್ಟವರು, ಹಿಡಿದ ಕೆಲಸ ಬಿಡದವರು ಸುಖವಾಗಿರುತ್ತಾರೆಯೇ ಎಂಬುದು ಅವಳ ಸಂಶೋಧನೆ. ಮನೆಯವರು ಮಲಗಿದ್ದರೆ ಏಳುವತನಕ ಮೆಟ್ಟಿಲ ಮೇಲೆ ಕೂರುತ್ತಾಳೆ. ನಾಯಿ ಅಟ್ಟಿಸಿಕೊಂಡು ಬಂದರೆ ಅದರ ಯಜಮಾನನಿಂದಲೂ ಫಾರಂ ತುಂಬಿಸಿಕೊಂಡೇ ಹೊರಡುತ್ತಾಳೆ. ಪ್ರತಿ ಪ್ರಶ್ನೆಗೂ "ಒಂದರಿಂದ ಐದರೊಳಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದರೆ ಜನ ಅದು ಅವಳ ಪರೀಕ್ಷೆಯ ಮಾರ್ಕೆಂದು ತಿಳಿದು, ಕಮ್ಮಿಯಾದರೆ ಪಾಪ ಫೇಲಾದಾಳು ಎಂದು ಎಲ್ಲದಕ್ಕೂ ಐದೇ ಕೊಡುತ್ತಾರೆ. ದಿನಾ ಹೆಂಡತಿಯ ಮೇಲೆ ಹಾರಾಡುವ ಹಾಲಸ್ವಾಮಿಗೂ ಸಂಯಮದಲ್ಲಿ ಐದು! ಬರೀ ಐದೇ ತುಂಬಿದ ಇಂಥ ಫಾರಂ ನಡೆಯೋದಿಲ್ಲವೆಂದು ಗೈಡು ಎರಡು ಸಲ ಕಟ್ಟನ್ನೇ ಹಿಂದಿರುಗಿಸಿದ್ದಾರೆ. ಮೂರನೆಯ ಕಟ್ಟೂ ವಾಪಸು ಬಂದರೆ ಒಂದು ವರ್ಷವೇ ಹೋದಂತೆ. ಒಂಟಿ ಮುದುಕಿ ಸುಭದ್ರಮ್ಮನ ಜಗಲಿಯಲ್ಲೂ ಅದೇ ಕಥೆ. "ಬದುಕು ತೃಪ್ತಿಯಾಗಿದ್ಯಾ ಅಜ್ಜಿ?" "ಅದಕ್ಕೂ ಐದು ಹಾಕ್ಕೊ ಮಾರಾಯ್ತಿ, ಪಾಸಾಗು." "ಅಯ್ಯೋ, ಮಾರ್ಕು ನಂಗಲ್ಲ ಅಜ್ಜಿ, ನಿಮ್ ಬದುಕಿಗೆ." ಸುಭದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಂಗಾ? ಹಾಗಾದ್ರೆ ಒಂದು ಹಾಕು" ಎಂದರು. ಇಷ್ಟು ದಿನ ಹುಡುಕಿದ ನಿಜವಾದ ಉತ್ತರ ಸಿಕ್ಕಿತ್ತು. ಆದರೆ ಆ ಒಂದರ ಸುತ್ತ ಗೀಟೆಳೆಯಲು ನವ್ಯಾಗೆ ಕೈ ಬರಲಿಲ್ಲ.