ರಸ್ತೆ ತೆರೆಯಿತು, ಗೇಟು ಮುಚ್ಚಿತು

ಹಿಮ ಬೀಳುವುದನ್ನು ಸುಂದರ ಎನ್ನುವವರು ತಗ್ಗಿನ ಮನೆಯ ಮುಂದೆ ಕಾರು ನಿಲ್ಲಿಸಿದವರಲ್ಲ. ಎರಡು ಸಾವಿರದ ದಶಕದ ನಡುವೆ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಗುಡ್ಡದ ಬೀದಿಯೊಂದರಲ್ಲಿ ನಾನೂ ಹುಬ್ಬಳ್ಳಿಯ ಗೆಳೆಯನೊಬ್ಬನೂ ಫ್ಲ್ಯಾಟ್‌ಮೇಟ್‌ಗಳಾಗಿದ್ದೆವು. ಮನೆ ರಸ್ತೆಗಿಂತ ಕೆಳಗಿತ್ತು. ಓದು ಮುಗಿದಿತ್ತು, ಗೆಳೆಯನ ವೀಸಾ ಮುಗಿಯುವುದರಲ್ಲಿತ್ತು. ಹಿಮ ಬಿದ್ದ ಅವತ್ತೇ ಹತ್ತಕ್ಕೆ ಅವನಿಗೆ ಕೆಲಸದ ಸಂದರ್ಶನ. ಅದು ಕೈತಪ್ಪಿದರೆ ಸೀದಾ ಊರಿಗೆ.

ಬೆಳಿಗ್ಗೆ ಕೌನ್ಸಿಲ್ಲಿನ, ಅಂದರೆ ಅಲ್ಲಿನ ನಗರಸಭೆಯ, ಗ್ರೇಡರ್ ಯಂತ್ರ ತನ್ನ ಅಗಲ ಅಲಗಿನಿಂದ ರಸ್ತೆಯ ಹಿಮವನ್ನೆಲ್ಲ ನೀಟಾಗಿ ಬಳಿದು, ನಮ್ಮ ಗೇಟಿಗೆ ಅಡ್ಡಲಾಗಿ ಮೊಣಕಾಲೆತ್ತರ ಪೇರಿಸಿ ಹೋಯಿತು. ಅದು ತಿರುಗಿ ಬರುವಾಗ ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ದೊಡ್ಡ ದಿಬ್ಬಗಳನ್ನು ಕೆಡವಿದವನು ನಾನು.

“ರಸ್ತೆ ಇರುವುದು ಮನೆಯಿಂದ ಹೊರಡುವವರಿಗೆ. ನೀವು ಹೊರಡುವುದನ್ನೇ ತಡೆದಿದ್ದೀರಿ. ಹಾಗಾದರೆ ಈ ರಸ್ತೆ ಯಾರಿಗೆ?”

ಚಾಲಕ ನಿಜಕ್ಕೂ ಯೋಚಿಸಿದ. “ಬಸ್ಸಿಗೆ, ಮೇಟ್. ರಸ್ತೆ ನಮ್ಮದು, ಡ್ರೈವ್‌ವೇ ನಿಮ್ಮದು. ಸಲಿಕೆ ಇದೆಯಾ?”

ಇರಲಿಲ್ಲ. ಅದನ್ನು ಒಪ್ಪಿಕೊಳ್ಳದೆ ಎರಡನೇ ಅಂಶಕ್ಕೆ ಹೋದೆ. ಅಷ್ಟರಲ್ಲಿ ಹಿಂದೆ ಭುಸ್ಸೆಂದಿತು. ಗೆಳೆಯ ಟೈ ಕಟ್ಟಿಕೊಂಡು, ಹುಬ್ಬಳ್ಳಿಯಲ್ಲಿ ಅವನಮ್ಮ ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕುವ ಠೀವಿಯಲ್ಲೇ, ದಿಬ್ಬಕ್ಕೆ ಬಕೆಟ್ಟುಗಟ್ಟಲೆ ಬಿಸಿನೀರು ಎರಚುತ್ತಿದ್ದ.

“ಬೇಡ, ಬೇಡ,” ಎಂದ ಚಾಲಕ.

“ಕರಗಾಕತ್ತೈತಿ ನೋಡಲೇ,” ಎಂದ ಗೆಳೆಯ ನನಗೆ. “ನಿನ್ನ ಭಾಷಣಕ್ಕ ಒಂದ ಚಮಚಾನೂ ಕರಗಿಲ್ಲ.”

ಕರಗಿತು, ನಿಜ. ಕರಗಿದ್ದು ಇಳಿಜಾರಿನಲ್ಲಿ ಹರಿದು, ಅಲ್ಲೇ ಹೆಪ್ಪುಗಟ್ಟಿ ಗಾಜಾಯಿತು. ಗೆಳೆಯ ಹತ್ತಿ ಕೂತ ಕಾರು ಮೇಲೇರುವ ಉತ್ಸಾಹದಲ್ಲಿ ಚಕ್ರ ತಿರುಗಿಸುತ್ತಲೇ ಹಿಂದಕ್ಕೆ ಜಾರಿ, ಬಟ್ಟೆ ಒಣಹಾಕುವ ಕಂಬಕ್ಕೆ ಒರಗಿ ನಿಂತಿತು.

ಗ್ರೇಡರಿನ ಹಿಂದೆಯೇ ರಸ್ತೆ ಜಾರದಂತೆ ಜಲ್ಲಿಪುಡಿ ಎರಚುವ ಯೂಟ್ ಎಂಬ ಪುಟ್ಟ ಟ್ರಕ್ಕು ಬರುತ್ತಿತ್ತು. ಚಾಲಕ ನನ್ನ ಮೂರನೇ ಅಂಶಕ್ಕೆ ಕಾಯದೆ ಅದನ್ನು ನಿಲ್ಲಿಸಿ, “ಟೈ ಕಟ್ಟಿರುವವನನ್ನು ಪೇಟೆಗೆ ಬಿಡು,” ಎಂದ. ಗೆಳೆಯ ಹತ್ತಿ ಹೋದ. ನಾನು ಬಕೆಟ್ಟಿನ ಜೊತೆ ಉಳಿದೆ.

ಊಟದ ಹೊತ್ತಿಗೆ ಅವನ ಫೋನ್ ಬಂತು.

“ಏನಾಯ್ತೋ?”

“ಸಾಹೇಬನ ಗೇಟಿಗೂ ಹಿಮಾ ಒಟ್ಟ್ಯಾರಂತ, ಅಂವಾ ಬಂದಿಲ್ಲ. ಉಳಿದ ಕ್ಯಾಂಡಿಡೇಟ್‌ಗೋಳೂ ಬಂದಿಲ್ಲ. ಆಫೀಸಿನಾಗ ನಾನೊಬ್ಬನ. ಸಾಹೇಬ ಫೋನಿನಾಗ ಒಂದ ಮಾತು ಕೇಳಿದ, ಇಂಥಾದ್ರಾಗ ನೀ ಹೆಂಗ ಬಂದಿ ಅಂತ. ಹೇಳಿದೆ. ನಕ್ಕ. ಸೋಮವಾರದಿಂದ ಕೆಲಸಕ್ಕ ಬಾ ಅಂದ.”

“ಇದು ಉಳಿದವರಿಗೆ ಅನ್ಯಾಯ ಅಲ್ವಾ?”

“ಹೌದು ಮತ್ತ. ನೀ ಅವರ ಮನಿಗೆ ಹೋಗಿ ಅವರ ಪರವಾಗಿ ಮಾತಾಡು,” ಎಂದು ಫೋನಿಟ್ಟ.