ಏಳೂಕಾಲಿನ ಉಮ್ಮತ್ತೂರು ಬಸ್ಸು

2023ರ ಜೂನ್ ಒಂದರಂದು ನನ್ನನ್ನು ಚಾಮರಾಜನಗರ ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ ಹಾಕಿದರು. ಬೆಳಿಗ್ಗೆ ಆರರಿಂದ ಎರಡರವರೆಗೆ ಪಾಳಿ. ಮನೆ ಗುಂಡ್ಲುಪೇಟೆ ದಾಟಿ ಹಂಗಳದಲ್ಲಿ. ಭಾನುವಾರ ಮಾತ್ರ ಊರು, ಉಳಿದ ದಿನ ಇಲ್ಲೇ ಬಾಡಿಗೆ ಕೋಣೆ. ದಿನಕ್ಕೆ ಎಷ್ಟು ಪ್ರಶ್ನೆ ಬಂದವೆಂದು ಡೈರಿಯಲ್ಲಿ ಗೆರೆ ಎಳೆದಿಡುತ್ತಿದ್ದೆ. ಸೋಮವಾರ ಮುನ್ನೂರು ದಾಟುತ್ತಿತ್ತು. ಕೋಣೆಗೆ ಹೋದರೆ ಮಾತಾಡಲು ಯಾರೂ ಇಲ್ಲ, ಮಾತಾಡುವ ತ್ರಾಣವೂ ಇರುತ್ತಿರಲಿಲ್ಲ.

ದಿನವೂ ಏಳಕ್ಕೆ ಮಾದಯ್ಯ ಬರುತ್ತಿದ್ದರು. ಐವತ್ತರ ಆಸುಪಾಸು, ಊರಾಚೆಯ ಗೋದಾಮಿನಲ್ಲಿ ರಾತ್ರಿ ಕಾವಲು.

"ಉಮ್ಮತ್ತೂರ್ ಬಸ್ಸು ಎಷ್ಟೊತ್ತಿಗವ್ವಾ?"

"ಏಳೂಕಾಲಿಗೆ."

ದಿನಾ ಅದೇ ಬಸ್ಸು ಹತ್ತುವವರು. ಡೈರಿಯಲ್ಲಿ ಅವರಿಗೆಂದೇ ಬೇರೆ ಸಾಲು ಇಟ್ಟಿದ್ದೆ, ದಿನಕ್ಕೊಂದು ಗೆರೆ. ಅದು ಇಪ್ಪತ್ತಾರಾದ ದಿನ ಕೇಳಿಯೇಬಿಟ್ಟೆ: "ಗೊತ್ತಿದ್ದೂ ಯಾಕಣ್ಣ ಕೇಳ್ತೀರಾ?"

"ರಾತ್ರಿಯೆಲ್ಲ ಬಾಯಿ ಬುಟ್ಟಿರಾಕಿಲ್ಲ ಕಣವ್ವ. ದನಿ ಅದಾ, ಓಯ್ತಾ ಅಂತ ನೋಡ್ಕತೀನಿ."

"ಇಲ್ಲಿ ಇಷ್ಟು ಜನ ಇದಾರಲ್ಲ?"

"ಎಲ್ಲಾ ಫೋನ್ ನೋಡ್ತಾರೆ. ನೀನಾದ್ರೆ ಯೋಳ್ಲೇಬೇಕು, ಸಂಬಳ ಕೊಡ್ತಾರೆ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ನನಗೆ ಸಾಕಾಗಿತ್ತು. ಜುಲೈನ ಒಂದು ಭಾನುವಾರ ಊರಿಗೂ ಹೋಗದೆ, ಎಲ್ಲ ಬಸ್ಸುಗಳ ಸಮಯವನ್ನು ದಪ್ಪ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು ಕಿಟಕಿಯ ಪಕ್ಕ ತೂಗುಹಾಕಿದೆ. ಸೋಮವಾರದ ಲೆಕ್ಕ ನೂರಾ ಹದಿನೆಂಟಕ್ಕೆ ಇಳಿಯಿತು.

ಆ ಸೋಮವಾರ ಏಳಕ್ಕೆ ಮಾದಯ್ಯ ಎಂದಿನಂತೆ ಕೇಳಿದರು. ಹಿಂದೆ ನಿಂತಿದ್ದವನು, "ಅಷ್ಟ್ ದಪ್ಪ ಬರ್ದವ್ರೆ, ಕಣ್ಣ ಮನೇಲಿ ಬುಟ್ಬಂದಿದ್ದಿಯಾ?" ಎಂದ. ಸಾಲಿನಲ್ಲಿದ್ದವರು ನಕ್ಕರು. ಮಾದಯ್ಯ ಬೋರ್ಡಿಗೆ ತಲೆಯಾಡಿಸಿ, ಹೋಗಿ ಕಂಬಕ್ಕೊರಗಿ ನಿಂತರು. ನಾನು ಸಾಲಿನ ಮುಂದಿನವನತ್ತ ತಿರುಗಿದೆ.

ಮರುದಿನದಿಂದ ಅವರು ಕಿಟಕಿಗೆ ಬರಲಿಲ್ಲ. ಕಂಬದ ಬಳಿ ತುಟಿ ಬಿಗಿದು ನಿಂತು, ಬಸ್ಸು ಬಂದಾಗ ಹತ್ತಿ ಹೋಗುತ್ತಿದ್ದರು. ಒಂಬತ್ತು ದಿನ ಡೈರಿಯಲ್ಲಿ ಅವರ ಎದುರು ಸೊನ್ನೆ ಬರೆದೆ. ಬೋರ್ಡು ನನ್ನ ಕೆಲಸ ಹಗುರ ಮಾಡಿತ್ತು, ಅವರ ಒಂದೇ ಮಾತನ್ನು ಕಿತ್ತುಕೊಂಡಿತ್ತು.

ಹತ್ತನೆಯ ದಿನ ಕೌಂಟರಿನಿಂದ ಹೊರಬಂದು ಅವರ ಪಕ್ಕ ನಿಂತೆ.

"ಅಣ್ಣ, ಉಮ್ಮತ್ತೂರು ಬಸ್ಸು ಎಷ್ಟೊತ್ತಿಗೆ?"

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. ಎರಡು ಸಲ ಕೆಮ್ಮಿದ ಮೇಲೆ ದನಿ ಹೊರಟಿತು. "ಏಳೂಕಾಲಿಗೆ ಕಣವ್ವ. ಇವತ್ತು ಲೇಟಾಯ್ತದೆ ಅನ್ಕತೀನಿ. ಟೀ ಕುಡುದ್ಯಾ?"

ಎರಡು ತಿಂಗಳಲ್ಲಿ ಆ ನಿಲ್ದಾಣದಲ್ಲಿ ಬಸ್ಸಿಗೆ ಸಂಬಂಧವಿಲ್ಲದ ಪ್ರಶ್ನೆಯೊಂದನ್ನು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅಂದು ಅದಕ್ಕೆ ಬೇರೆಯದೇ ಪುಟದಲ್ಲಿ ಒಂದು ಗೆರೆ ಎಳೆದೆ.

ಬೋರ್ಡು ಈಗಲೂ ಇದೆ. ಅದರ ಕೆಳಗೇ ನಿಂತು ಯಾರಾದರೂ ಸಮಯ ಕೇಳಿದರೆ ನಾನು ಬೆರಳು ತೋರಿಸುವುದಿಲ್ಲ. ದಣಿದಿರುತ್ತೇನೆ, ಆದರೂ ಬಾಯಿಬಿಟ್ಟು ಹೇಳುತ್ತೇನೆ.