ಗರಿ ಮೇಷ್ಟ್ರ ವೀಸಾಕ್ಕೆ ಬೇಕಾದ ಒಂದು ಸಹಿ

2004ನೆಯ ಇಸವಿಯ ಜುಲೈ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಐವತ್ತು ನಿಮಿಷಕ್ಕೆ ನಾನು ಪಿರಿಯಾಪಟ್ಟಣದ ಒಂದು ಖಾಸಗಿ ದವಾಖಾನೆಯ ಒಳಕೋಣೆಯ ಹೊಸ್ತಿಲ ಮೇಲೆ ನಿಂತಿದ್ದೆ. ಎಡಗಾಲು ಒಳಗಿತ್ತು, ಬಲಗಾಲು ಹೊರಗಿತ್ತು. ಡಾಕ್ಟರ ಮೇಜು ನನ್ನಿಂದ ಆರು ಅಡಿ ದೂರದಲ್ಲಿತ್ತು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಅಲ್ಲಿ ನಡೆದದ್ದು ನಡೆದೇ ಇಲ್ಲವೆಂದು ಆಮೇಲೆ ಹೇಳಿದರು.

ಆ ಪ್ರಯಾಣ ಅದೇ ದಿನ ಬೆಳಿಗ್ಗೆ ಏಳೂವರೆಗೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಶುರುವಾಗಿತ್ತು. ಹೊರಟವರು ಇಬ್ಬರು, ಜವರಯ್ಯನವರು ಮತ್ತು ನಾನು. ನನ್ನದು ಹುಣಸೂರಿನಲ್ಲಿ ಒಂದು ಟೈಪಿಂಗ್ ಅಂಗಡಿ. ಜನರ ಅರ್ಜಿ, ದೂರು, ಕರಾರು ಪತ್ರ ಟೈಪು ಮಾಡಿಕೊಟ್ಟು ಬದುಕುವವನು ನಾನು. ಜವರಯ್ಯನವರ ವೀಸಾ ಅರ್ಜಿಯನ್ನೂ ನಾನೇ ತುಂಬಿದ್ದೆ. ಐವತ್ತು ದಾಟಿದ ನಿವೃತ್ತರಿಗೆ ಥಾಯ್ಲೆಂಡಿನಲ್ಲಿ ನೆಲೆಸಲು ಕೊಡುವ ವೀಸಾ ಅದು. ಪಾಸ್‌ಪೋರ್ಟು, ಪೊಲೀಸರ ಪತ್ರ, ಬ್ಯಾಂಕಿನ ಪತ್ರ ಎಲ್ಲ ಆಗಿದ್ದವು. ಉಳಿದದ್ದು ಒಂದೇ, ಡಾಕ್ಟರ ಸಹಿ. ಇಂತಿಂಥ ರೋಗಗಳು ಈ ವ್ಯಕ್ತಿಗೆ ಇಲ್ಲ ಎಂದು ಅವರು ಬರೆಯಬೇಕು. ಆ ಪಟ್ಟಿಯಲ್ಲಿ ಕುಷ್ಠರೋಗವಿತ್ತು.

ಜವರಯ್ಯನವರು ಭೇರ್ಯದ ಕಡೆಯವರು. ಮೂವತ್ತೆರಡು ವರ್ಷ ಕುಷ್ಠರೋಗ ನಿಯಂತ್ರಣದ ಕೆಲಸ ಮಾಡಿ ನಿವೃತ್ತರಾದವರು. ಸೈಕಲ್ಲಿನಲ್ಲಿ ಹಳ್ಳಿ ತಿರುಗಿ ಜನರ ಮೈಮೇಲಿನ ಮಚ್ಚೆ ನೋಡುವುದು ಅವರ ಕೆಲಸವಾಗಿತ್ತು. ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಕೋಳಿಗರಿ ಆಡಿಸಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ ಎನ್ನುವರು. ತೋರಿಸಲಾಗದಿದ್ದರೆ ಅಲ್ಲಿ ಸ್ಪರ್ಶವಿಲ್ಲವೆಂದು ಅರ್ಥ, ಮಾತ್ರೆ ಶುರು. ಹೀಗಾಗಿ ನಮ್ಮ ನಾಲ್ಕು ತಾಲ್ಲೂಕಿನಲ್ಲೂ ಅವರು ಗರಿ ಮೇಷ್ಟ್ರು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ತಮ್ಮದೇ ಬಲಗೈಯ ಮೇಲೆ ಮಚ್ಚೆ ಕಂಡರು. ಮಾತ್ರೆ ನುಂಗಿ ಪೂರ್ತಿ ಗುಣವಾದರು. ಆದರೆ ಆ ಕೈಯ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡವು, ಹಾಗೇ ಉಳಿದವು. ಮದುವೆಯಾಗಲಿಲ್ಲ. ಯಾರೂ ಹೆಣ್ಣು ಕೊಡಲಿಲ್ಲ ಎಂದರೆ ಸರಿಯಾದೀತು.

ಕೆಲಸದಲ್ಲಿದ್ದಾಗ ಒಮ್ಮೆ ತರಬೇತಿಗೆಂದು ಒಂದು ತಿಂಗಳು ಥಾಯ್ಲೆಂಡಿಗೆ ಹೋಗಿ ಬಂದಿದ್ದರು. "ಅಲ್ಲಿ ಬೀದೀಲಿ ಒಂದೇ ಬೆಂಚ್ನಲ್ಲಿ ಕೂತು ಉಂಡಿದ್ದೀನಿ ಕಣೋ ಅಮೀರು. ಒಬ್ರೂ ಎದ್ದೋಗ್ಲಿಲ್ಲ" ಎಂದು ನನಗೆ ಹೇಳುತ್ತಿದ್ದರು. ಅಲ್ಲಿ ಅವರ ಜೊತೆ ಕೆಲಸ ಕಲಿತವನೊಬ್ಬ ತನ್ನ ಹಿತ್ತಲಲ್ಲಿ ಒಂದು ಕೋಣೆ ಕೊಡುತ್ತೇನೆ, ಬಾ ಎಂದು ಬರೆದಿದ್ದ. ಉಳಿದ ವಯಸ್ಸನ್ನು ಆ ಬೆಂಚಿನ ಮೇಲೆ ಕಳೆಯಬೇಕು ಎಂಬುದಷ್ಟೇ ಅವರ ಆಸೆ.

ಹುಣಸೂರಿನಲ್ಲೇ ಪರಿಚಯದ ಡಾಕ್ಟರೊಬ್ಬರು ಬೀದಿಯಲ್ಲಿ ನಿಂತೇ, "ಕೊಡಿ ಮೇಷ್ಟ್ರೇ, ಸೈನ್ ಹಾಕ್ತೀನಿ" ಎಂದಿದ್ದರು. ಇವರು ಒಪ್ಪಲಿಲ್ಲ.

"ನೋಡ್ದೆ ಬರೆದ್ರೆ ಅದು ಬರೀ ಕಾಗ್ದ ಕಣಪ್ಪ. ಬಟ್ಟೆ ಬಿಚ್ಸಿ ನೋಡ್ಲಿ, ಗರಿ ಆಡಿಸ್ಲಿ, ಆಮೇಲೆ ಬರೀಲಿ. ಮೂವತ್ತೆರಡು ವರ್ಷ ನಾನು ಊರೋರಿಗೆಲ್ಲ ಅದನ್ನೇ ಮಾಡಿರೋದು."

ಆದ್ದರಿಂದ ನಾವು ಬಸ್ಸು ಹತ್ತಿದೆವು. ಮೊದಲು ಕೃಷ್ಣರಾಜನಗರ, ಅಲ್ಲಿ ಇವರಿಗೆ ಗುರುತಿದ್ದ ಚರ್ಮದ ಡಾಕ್ಟರೊಬ್ಬರಿದ್ದರು. ಟಿಕೆಟ್ಟು ತಲಾ ಹತ್ತು ರೂಪಾಯಿ. ಕಟ್ಟೆಮಳಲವಾಡಿ ದಾಟುವಾಗ ಹೊಲಗಳಲ್ಲಿ ಹೊಗೆಸೊಪ್ಪಿನ ಮೊದಲ ಎಲೆ ಮುರಿಯುತ್ತಿದ್ದರು. ಎಲೆ ಒಣಗಿಸುವ ಬ್ಯಾರನ್ನುಗಳಿಂದ ಹೊಗೆ ಏಳುತ್ತಿತ್ತು. ಜವರಯ್ಯನವರು ಕಿಟಕಿಯಿಂದ ಕೈ ತೋರಿಸುತ್ತ, ಆ ಕೇರಿಯಲ್ಲಿ ಮೂರು ಜನ, ಈ ತೋಪಿನ ಹಿಂದೆ ಒಬ್ಬಳು, ಎಲ್ಲ ಗುಣ, ಎಲ್ಲರಿಗೂ ಮಕ್ಕಳಾಗಿವೆ ಎಂದು ಹೇಳುತ್ತ ಹೋದರು. ಕೃಷ್ಣರಾಜನಗರದ ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು. ಇಡ್ಲಿ ತಿಂದು ಹುಣಸೂರಿಗೆ ಹಿಂದಿರುಗಿ, ಎರಡು ಗಂಟೆಯ ಬಸ್ಸಿಗೆ ಪಿರಿಯಾಪಟ್ಟಣಕ್ಕೆ ಹೊರಟೆವು.

ಆ ಬಸ್ಸಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಹೆಗಲ ಮೇಲಿದ್ದ ನನ್ನ ಟವೆಲ್ ತೆಗೆದು ಅವರಿಗೆ ಕೊಟ್ಟು, "ಜವರಣ್ಣ, ಡಾಕ್ಟರು ಪರಿಚಯ ಇಲ್ಲ. ಮೊದ್ಲು ಮಾತಾಡಿಸ್ಲಿ. ಅಲ್ಲೀವರ್ಗೆ ಕೈ ಮೇಲೆ ಇದ್ನ ಹಾಕ್ಕಂಡಿರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಮಚ್ಚೆ ಮುಚ್ಚಿಡಬ್ಯಾಡಿ ಅಂತ ಹೇಳ್ಕಂಡು ತಿರುಗ್ದೋನ್ಗೆ ನೀನು ಟವೆಲ್ ಕೊಡ್ತೀಯಲ್ಲೋ" ಎಂದು ನಕ್ಕರು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಟವೆಲ್ ಹಾಕಿಕೊಂಡರು.

ದವಾಖಾನೆಯಲ್ಲಿ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಔಷಧಿಯ ಚೀಟಿ ಹಿಡಿದು ಕೆಮ್ಮುತ್ತ ಕೂತಿದ್ದಳು. ನಮ್ಮ ಸರದಿ ಮೂರೂ ನಲವತ್ತಕ್ಕೆ ಬಂತು. ಜವರಯ್ಯನವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಹೊಸ್ತಿಲಲ್ಲಿ ನಿಂತೆ. ಡಾಕ್ಟರಿಗೆ ನಲವತ್ತು ವಯಸ್ಸಿರಬಹುದು. ಫಾರಂ ಓದಿ, ಮುಗುಳ್ನಕ್ಕು, "ಥಾಯ್ಲೆಂಡಾ! ಒಳ್ಳೇದು" ಎಂದರು. ಬಿ.ಪಿ. ನೋಡಲು ಕೈ ಕೇಳಿದರು. ಟವೆಲ್ ಸರಿಯಿತು.

ಡಾಕ್ಟರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

"ಇದ್ರಲ್ಲಿ ಲೆಪ್ರಸಿ ಇಲ್ಲ ಅಂತ ಬರೀಬೇಕು. ನಿಮ್ಗೆ ಇದೆಯಲ್ರೀ."

"ಇತ್ತು ಸಾರ್. ಈಗಿಲ್ಲ. ಗುಣವಾಗಿ ಇಪ್ಪತ್ತಾರು ವರ್ಷ ಆಯ್ತು."

"ಕೈ ಹೇಳ್ತಾ ಇದೆಯಲ್ಲ. ಮುಚ್ಕೊಂಡು ಬೇರೆ ಬಂದಿದ್ದೀರಿ."

"ಕೈ ಹಳೇದನ್ನ ಹೇಳ್ತದೆ ಸಾರ್. ನೀವು ಪರೀಕ್ಷೆ ಮಾಡಿ ನೋಡಿ."

ಜವರಯ್ಯನವರು ಜೇಬಿನಿಂದ ತಮ್ಮ ಕೋಳಿಗರಿ ತೆಗೆದರು. ನಿವೃತ್ತರಾದ ಮೇಲೂ ಅದು ಪೆನ್ನಿನ ಪಕ್ಕದಲ್ಲೇ ಇರುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದು ಮೇಜಿನ ಆಚೆಗೆ ಚಾಚಿದರು. "ಕೈಲಿ ಮುಟ್ಟಬ್ಯಾಡಿ. ಇದ್ರಲ್ಲಾದ್ರೂ ಮುಟ್ಟಿ ನೋಡಿ."

ಡಾಕ್ಟರು ಗರಿ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಸ್ಕೇಲಿನಿಂದ ಫಾರಂ ಅನ್ನು ನಮ್ಮ ಕಡೆಗೆ ತಳ್ಳಿದರು. ಫಾರಂ ನೆಲಕ್ಕೆ ಬಿತ್ತು. ಜವರಯ್ಯನವರು ಬಗ್ಗಿ ಅದನ್ನು ಎತ್ತಿಕೊಳ್ಳುತ್ತಿದ್ದಂತೆ, ಅವರಿನ್ನೂ ಕೋಣೆಯಲ್ಲಿರುವಾಗಲೇ, ಡಾಕ್ಟರು ಕಂಪೌಂಡರನ್ನು ಕೂಗಿದರು. "ಸಣ್ಣಪ್ಪ, ಫಿನಾಯಿಲ್ ತಗಂಬಾ. ಈ ಕುರ್ಚಿ ಒರೆಸು."

ಸಣ್ಣಪ್ಪ ಒರೆಸಿದ. ಗಡಿಯಾರದಲ್ಲಿ ಆಗ ಮೂರೂ ಐವತ್ತು. ಊರವರ ದೂರನ್ನೆಲ್ಲ ಪುಟಕ್ಕೆ ಇಷ್ಟೆಂದು ಟೈಪು ಮಾಡಿಕೊಡುವ ನನಗೆ, ಆ ಹೊತ್ತಿಗೆ ನಾಲಿಗೆ ಏಳಲಿಲ್ಲ.

ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಹೆಂಗಸು ಎದ್ದು ನಿಂತಳು. "ಅಯ್ಯೋ, ನೀವು ಗರಿ ಮೇಷ್ಟ್ರಲ್ವಾ? ನಮ್ಮವ್ವನ್ನ ನೀವೇ ಅಲ್ವಾ ವಾಸಿ ಮಾಡಿದ್ದು? ನಾನು ಗೌರಿ ಕಣ್ರಪ್ಪ" ಎಂದಳು. ತೆರೆದ ಬಾಗಿಲಿನಿಂದ ಅವಳು ಎಲ್ಲವನ್ನೂ ನೋಡಿದ್ದಳು. ಡಾಕ್ಟರಿಗೆ ಕೇಳಲೆಂದೇ ಗಟ್ಟಿಯಾಗಿ, "ನಂಗೆ ಈ ಔಸ್ದಿ ಬ್ಯಾಡ. ಕೆಮ್ಕಂಡೇ ಸಾಯ್ತೀನಿ, ಬುಡಿ" ಎಂದು ಚೀಟಿ ಹರಿದು ಬಿಸಾಕಿ ನಮ್ಮ ಜೊತೆಗೇ ಮೆಟ್ಟಿಲಿಳಿದಳು. ನಾನು ಆಡಬೇಕಿದ್ದ ಮಾತನ್ನು ಅವಳು ಆಡಿದಳು.

ಹುಣಸೂರಿನ ಬಸ್ಸು ಹತ್ತಿದೆವು. ನನ್ನ ಬಟ್ಟೆಯಲ್ಲೂ ಫಿನಾಯಿಲ್ ವಾಸನೆ ಇದ್ದಂತೆ ಅನ್ನಿಸುತ್ತಿತ್ತು. ಬಸ್ಸಿಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರೂ ನಿಮ್ಮ ಕೈ ನೋಡಲ್ಲ ಅಂತೀರಿ. ಅವರ ಫಾರಮ್ಮೇ ಅದನ್ನ ಕೇಳ್ತದಲ್ಲ ಜವರಣ್ಣ. ಯಾಕೆ ಹೋಗ್ಬೇಕು?"

"ಫಾರಂ ಬರೆಯೋರೇ ಬೇರೆ, ಪಕ್ಕ ಕೂತು ಉಣ್ಣೋರೇ ಬೇರೆ ಕಣ್ಲಾ" ಎಂದರು. ಟವೆಲ್ ಮಡಚಿ ನನ್ನ ಕೈಗೆ ಕೊಟ್ಟರು. "ನಾಳೆ ಇದ್ನ ತರಬ್ಯಾಡ."

ಬುಧವಾರ ಸೋನೆಮಳೆ. ಹೆಗ್ಗಡದೇವನಕೋಟೆಯ ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಒಂದೂವರೆ ಗಂಟೆ ನೆನೆದುಕೊಂಡೇ ಹೋದೆವು. ಕೋಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮನೊಬ್ಬರಿದ್ದರು. ಜವರಯ್ಯನವರು ಕೋಣೆಯೊಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ನಿಂತು ಬಲಗೈ ಎತ್ತಿ ತೋರಿಸಿ, "ಅಮ್ಮ, ನಂಗೆ ಕುಷ್ಠ ಇತ್ತು. ಈಗ ಇದೆಯೋ ಇಲ್ವೋ ನೋಡಿ ಹೇಳ್ಬೇಕು" ಎಂದರು.

"ಬನ್ನಿ, ಅಂಗಿ ತೆಗೀರಿ" ಎಂದರು ಆಕೆ.

ಇಪ್ಪತ್ತೈದು ನಿಮಿಷ ನೋಡಿದರು. ಬೆನ್ನು, ಎದೆ, ಕಾಲು, ಕಿವಿ. ಮೊಣಕೈ ಹಿಂದಿನ ನರವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಜವರಯ್ಯನವರಿಗೆ ಸುಮ್ಮನಿರಲಾಗಲಿಲ್ಲ. "ಎರಡೂ ಕೈ ಒಟ್ಗೇ ಮುಟ್ಟಿ ನೋಡಿ ತಾಯಿ. ಆಗ್ಲೇ ವ್ಯತ್ಯಾಸ ತಿಳಿಯೋದು." ಆಕೆ ನಕ್ಕು ಹಾಗೇ ಮಾಡಿದರು. ಗರಿಯನ್ನು ಅವರ ಕೈಯಿಂದಲೇ ಇಸಿದುಕೊಂಡು ಕಣ್ಣು ಮುಚ್ಚಲು ಹೇಳಿದರು. ಮುಟ್ಟಿದ ಕಡೆಯೆಲ್ಲ ಅವರು ಬೆರಳಿಟ್ಟು ತೋರಿಸಿದರು. ಕಿರುಬೆರಳಿನ ಪಕ್ಕದಲ್ಲಿ ಮಾತ್ರ ಅವರ ಬೆರಳು ಬರಲಿಲ್ಲ.

"ಈಗ ಮುಟ್ಟಿದ್ದೆ" ಎಂದರು ಆಕೆ ಮೆಲ್ಲಗೆ.

"ಮುಟ್ಟಿರ್ತೀರಿ. ಅಲ್ಲಿ ತಿಳಿಯಲ್ಲ. ರೋಗ ಹೋದ್ರೂ ಅದು ವಾಪಸ್ ಬರಲ್ಲ" ಎಂದರು ಜವರಯ್ಯನವರು. ಅವರ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಹಿಂದಿನ ದಿನ ಪಿರಿಯಾಪಟ್ಟಣದ ಕೋಣೆಯಲ್ಲಿ ಅವರು ಅತ್ತಿರಲಿಲ್ಲ.

ಡಾಕ್ಟರಮ್ಮ ರೋಗವಿಲ್ಲ ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿದರು. ಮೂರು ತಿಂಗಳಿಗೆ ವೀಸಾ ಬಂತು.

ಹೊರಡುವ ಮೊದಲು ಜವರಯ್ಯನವರು ಪಿರಿಯಾಪಟ್ಟಣದ ಡಾಕ್ಟರಿಗೆ ಒಂದು ಕಾಗದ ಬರೆಸಿದರು. ನಾನೇ ಟೈಪು ಮಾಡಿದೆ. ಬೈಗುಳವಿರಲಿಲ್ಲ. ಗುಣವಾದವರಿಂದ ಈ ರೋಗ ಅಂಟುವುದಿಲ್ಲ, ಮುಂದೆ ಬರುವವರನ್ನು ಮುಟ್ಟಿ ನೋಡಿ ಎಂದಿತ್ತು. ವಕೀಲರ ಮೂಲಕ ಉತ್ತರ ಬಂತು. ಅಂಥ ವ್ಯಕ್ತಿ ತಮ್ಮ ದವಾಖಾನೆಗೆ ಬಂದೇ ಇಲ್ಲ, ಅಂಥ ಘಟನೆ ನಡೆದೇ ಇಲ್ಲ, ಇನ್ನು ಮುಂದೆ ಹೀಗೆ ಬರೆದರೆ ಮಾನನಷ್ಟದ ಕೇಸು ಹಾಕಲಾಗುವುದು. ಆ ಉತ್ತರ ಓದಿ ಜವರಯ್ಯನವರು, "ಇದನ್ನ ನೀನೇ ಮಡಿಕ್ಕೊ" ಎಂದರು. ಮಡಗಿಕೊಂಡಿದ್ದೇನೆ.

ಅವರು ಅಲ್ಲಿ ನಾಲ್ಕು ವರ್ಷ ಇದ್ದರು. ಪಕ್ಕದ ಮನೆಯ ಮುದುಕ ಮೆಟ್ಟಿಲು ಇಳಿಯುವಾಗ ನನ್ನ ಬಲಗೈಯನ್ನೇ ಆಸರೆಗೆ ಹಿಡಿಯುತ್ತಾನೆ ಎಂದು ಒಂದು ಕಾಗದದಲ್ಲಿ ಬರೆದಿದ್ದರು. ಅಲ್ಲೇ ತೀರಿಕೊಂಡರು. ಇನ್ನು ಅವರು ಬಂದು ಸಾಕ್ಷಿ ಹೇಳುವಂತಿಲ್ಲ.

ಕಂಪೌಂಡರ್ ಸಣ್ಣಪ್ಪ ಆ ಕೆಲಸ ಬಿಟ್ಟು ಈಗ ಹುಣಸೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಹೋದ ತಿಂಗಳು ಅಂಗಡಿಗೆ ಬಂದಾಗ ಇದನ್ನು ಬರೆಯುತ್ತಿದ್ದೇನೆ ಎಂದೆ. "ಕುರ್ಚಿ ಒರ್ಸೋ ಬಟ್ಟೆ ಇಡ್ದಿದ್ ಕೈ ನಂದೇ ಕಣಣ್ಣ. ನನ್ನೆಸ್ರೂ ಬರ್ಕೋ" ಎಂದ. ಬರೆದಿದ್ದೇನೆ. ಗೌರಿ ಪಿರಿಯಾಪಟ್ಟಣದ ಹತ್ತಿರದ ತನ್ನೂರಿನಲ್ಲೇ ಇದ್ದಾಳೆ. ಕೆಮ್ಮು ವಾಸಿಯಾಗಿದೆ. ಎಲ್ಲಿ ಕರೆದರೂ ಬಂದು ಹೇಳುತ್ತಾಳೆ. ಮೂರನೆಯ ಸಾಕ್ಷಿ ನಾನು, ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದವನು.